ಚುಕ್ಕಿಯ ಕೆಳಗಿನ ತಿರುಪು

ಪಾಣೆಮಂಗಳೂರು, ಮೆಲ್ಕಾರ್, ಬಿ.ಸಿ.ರೋಡ್ ಆಸುಪಾಸಿನ ಯಾವುದೇ ಹೈಸ್ಕೂಲ್ ಹುಡುಗನನ್ನು ನಿಲ್ಲಿಸಿ 'ರೆಡ್ ಡಾಟ್ ಅಂದರೆ ಎಂಥದು ಮಾರಾಯ?' ಎಂದು ಕೇಳಿ ನೋಡಿ. ನಿಜವಾದ ಪಿಸ್ತೂಲನ್ನು ಅವನು ಕಂಡಿರುವುದು ಪೊಲೀಸ್ ಅಧಿಕಾರಿಯ ಸೊಂಟದಲ್ಲಿ ಮಾತ್ರ. ಅಜ್ಜನ ಮನೆಯ ಅಡಿಕೆ ತೋಟದಲ್ಲಿ ಮಂಗ ಓಡಿಸಲು ಇಟ್ಟ ಕೋವಿಯನ್ನು ದೂರದಿಂದ ನೋಡಿರಬಹುದು. ಆದರೂ ರೆಡ್ ಡಾಟ್ ಎಂಬ ಕೆಂಪು ಚುಕ್ಕಿಯ ಗುರಿಸಾಧನ ಯಾವ ಬಂದೂಕಿಗೆ ಹೊಂದುತ್ತದೆ, ಹಾಕಿದರೆ ಏನು ಲಾಭ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಅವನ ಗುರು ಮೊಬೈಲ್. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಆಟವನ್ನು ನಿಷೇಧಿಸಿತು. ಮರುವರ್ಷ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರು ಹೊತ್ತು ಅದು ಮರಳಿ ಬಂತು. ಆ ಆಟದಲ್ಲಿ ನೆಲದ ಮೇಲೆ ಬಿದ್ದಿರುವ ರೆಡ್ ಡಾಟನ್ನು ಬೆರಳಿನಿಂದ ತಟ್ಟಿದರೆ ಸಾಕು, ಟಕ್ಕೆಂದು ಬಂದೂಕಿನ ತಲೆಯ ಮೇಲೆ ಕೂರುತ್ತದೆ. ತಿರುಪಿಲ್ಲ, ಅಲೆನ್ ಕೀ ಇಲ್ಲ, ಸಡಿಲಾಗುವ ಭಯವಿಲ್ಲ. ಸಾವಿರ ಗುಂಡು ಹಾರಿಸಿದರೂ ಚುಕ್ಕಿ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ.

ನಿಜವಾದ ಪಿಸ್ತೂಲಿನಲ್ಲಿ ಇಡೀ ಕಥೆ ಇರುವುದು ಆ ಟಕ್ಕೆನ್ನುವ ಕ್ಷಣದಲ್ಲೇ. ಗಾಜು, ಬೆಳಕು, ಬ್ಯಾಟರಿ ಎಲ್ಲವೂ ಕಣ್ಣಿಗೆ ಕಾಣುವ ವೈಭವ. ಅವೆಲ್ಲ ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ತೀರ್ಮಾನಿಸುವುದು ಮಾತ್ರ ಕೆಳಗಿರುವ ಎರಡು ಸಣ್ಣ ತಿರುಪುಗಳು, ಅವುಗಳಿಗಿಂತಲೂ ಹೆಚ್ಚಾಗಿ ಆ ತಿರುಪುಗಳ ಸುತ್ತ ಕಬ್ಬಿಣದಲ್ಲಿ ಕೆತ್ತಿದ ಕೂರುವ ಜಾಗ.

ನಮ್ಮೂರಿನ ಕೋವಿಗಳ ಮಾತನ್ನು ಮೊದಲು ಮುಗಿಸಿಬಿಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ಇರುವುದು ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಇದಕ್ಕೆಂದೇ ಜಾಗ ಮಾಡಿದ್ದಾರೆ: ರಕ್ಷಣೆಗೋ ಕ್ರೀಡೆಗೋ ಆದರೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ, ಬೆಳೆ ಕಾಯಲಿಕ್ಕಾದರೆ ಬಾಯಿಯಿಂದ ಮದ್ದು ತುಂಬುವ ಕೋವಿ. ಇವುಗಳಲ್ಲಿ ಗುರಿಯ ಸಾಧನ ಎಂದರೆ ನಳಿಗೆಯ ತುದಿಗೆ ಬೆಸೆದ ಒಂದು ಸಣ್ಣ ಮಣಿ, ಅಷ್ಟೇ. ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಯಲ್ಲಿ ಠೇವಣಿ, ನೀತಿ ಸಂಹಿತೆ ಮುಗಿದ ಮೇಲೆ ವಾಪಸು ಮನೆಗೆ. ಅಷ್ಟು ಓಡಾಟದಲ್ಲೂ ಆ ಮಣಿ ಅಲುಗುವುದಿಲ್ಲ. ಘಟ್ಟದ ಮೇಲಿನ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಕೇಂದ್ರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳಿಗೆ ಪೂಜೆ, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕಣ್ಣು, ಮಣಿ, ಕಾಯಿ ಮೂರನ್ನೂ ಒಂದೇ ಗೆರೆಗೆ ತರುವುದೇ ಅಲ್ಲಿನ ವಿದ್ಯೆ.

ಈ 'ಒಂದೇ ಗೆರೆಗೆ ತರುವುದು' ಹೇಳಿದಷ್ಟು ಸುಲಭವಲ್ಲ. ಪಿಸ್ತೂಲಿನಲ್ಲಿ ಹಿಂದೊಂದು ಕಚ್ಚು, ಮುಂದೊಂದು ಮೊನೆ, ದೂರದಲ್ಲಿ ಗುರಿ. ಮನುಷ್ಯನ ಕಣ್ಣು ಈ ಮೂರೂ ದೂರಗಳನ್ನು ಏಕಕಾಲಕ್ಕೆ ಸ್ಪಷ್ಟವಾಗಿ ನೋಡಲಾರದು. ನಲವತ್ತು ದಾಟಿ ಚಾಳೀಸು ಬಂದವರಿಗಂತೂ ಮುಂದಿನ ಮೊನೆಯೇ ಮಸುಕು. ಕೆಂಪು ಚುಕ್ಕಿ ಈ ತೊಡಕನ್ನು ಬಿಡಿಸುತ್ತದೆ. ಪುಟ್ಟ ಎಲ್‌ಇಡಿಯೊಂದು ಹಿಂದಿನಿಂದ ಬೆಳಕು ಚೆಲ್ಲುತ್ತದೆ. ಎದುರಿನ ಬಾಗಿದ ಗಾಜಿನ ಮೇಲಿರುವ ತೆಳು ಲೇಪ ಕೆಂಪು ಬೆಳಕನ್ನಷ್ಟೇ ಮರಳಿಸಿ ಉಳಿದ ಬಣ್ಣಗಳನ್ನು ದಾಟಲು ಬಿಡುತ್ತದೆ. ಅದರಿಂದಲೇ ಆ ಗಾಜಿನೊಳಗಿಂದ ನೋಡಿದ ಜಗತ್ತಿಗೆ ಒಂಚೂರು ನೀಲಿ ಛಾಯೆ. ಎಲ್‌ಇಡಿ ಕನ್ನಡಿಯ ನಾಭಿಯಲ್ಲಿ ಕೂತಿರುವುದರಿಂದ ಮರಳುವ ಕಿರಣಗಳು ಸಮಾನಾಂತರವಾಗಿ ಬರುತ್ತವೆ. ಹಾಗಾಗಿ ಚುಕ್ಕಿ ಗಾಜಿನ ಮೇಲಿರುವಂತೆ ಕಾಣದೆ ದೂರದಲ್ಲಿ, ಗುರಿಯ ಮೇಲೆಯೇ ತೇಲುವಂತೆ ಕಾಣುತ್ತದೆ. ಗುರಿಯತ್ತ ಬೆಳಕು ಹೋಗುವುದಿಲ್ಲ. ಲೇಸರಿಗೂ ಇದಕ್ಕೂ ಸಂಬಂಧವಿಲ್ಲ. ಸಿನಿಮಾದವರು ಎರಡನ್ನೂ ಬೆರೆಸಿಬಿಟ್ಟಿದ್ದಾರೆ.

ಈ ಉಪಾಯ ಹೊಳೆದದ್ದು ಕೋವಿ ಮಾಡುವವನಿಗಲ್ಲ, ಆಕಾಶ ನೋಡುವ ದೂರದರ್ಶಕ ಮಾಡುವವನಿಗೆ. ಡಬ್ಲಿನ್ನಿನ ಹೊವಾರ್ಡ್ ಗ್ರಬ್ 1900ರಲ್ಲಿ ಪ್ರತಿಫಲನದ ಗುರಿಸಾಧನಕ್ಕೆ ಪೇಟೆಂಟ್ ಪಡೆದ. ನಮ್ಮ ದೇಶದ ಖಗೋಳಶಾಸ್ತ್ರಜ್ಞರಿಗೆ ಗ್ರಬ್ ಹೆಸರು ಹೊಸತಲ್ಲ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕ ಅವನ ಕಾರ್ಖಾನೆಯದೇ. ಗ್ರಬ್‌ನ ಕಾಲದಲ್ಲಿ ಎಲ್‌ಇಡಿ ಇರಲಿಲ್ಲ. ಉಪಾಯ ಮೊದಲು ನೆಲೆ ಕಂಡದ್ದು ಯುದ್ಧವಿಮಾನಗಳಲ್ಲಿ. ಎರಡನೇ ಮಹಾಯುದ್ಧದ ಪೈಲಟ್ ತನ್ನ ಎದುರಿನ ಗಾಜಿನಲ್ಲಿ ತೇಲುವ ವೃತ್ತವನ್ನು ನೋಡಿಯೇ ಗುಂಡು ಹಾರಿಸುತ್ತಿದ್ದ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಬ್ಯಾಟರಿಯಿಂದ ಬೆಳಗುವ ಕೆಂಪು ಚುಕ್ಕಿಯನ್ನು ಮಾರುಕಟ್ಟೆಗೆ ತಂದಿತು. ಅದು ಕೈಗೋವಿಗೆ ತಕ್ಕಷ್ಟು ಸಣ್ಣದಾಗಲು ಇನ್ನೂ ಕೆಲವು ದಶಕ ಬೇಕಾಯಿತು. ಈಗ ಟ್ರೈಜಿಕಾನ್ ಕಂಪನಿಯ ಆರ್‌ಎಂಆರ್ ಎಂಬ ಜನಪ್ರಿಯ ಮಾದರಿಯ ತೂಕ ಸುಮಾರು 34 ಗ್ರಾಂ, ಉದ್ದ 45 ಮಿಲಿಮೀಟರ್.

ಇಷ್ಟು ಸಣ್ಣ ವಸ್ತುವನ್ನು ಹಿಡಿದಿಡುವುದು ಏನು ಮಹಾ ಎಂದು ಅನ್ನಿಸಬಹುದು. ಅದು ಎಲ್ಲಿ ಕೂತಿದೆ ಎಂದು ನೋಡಿದರೆ ಹಾಗನ್ನಿಸದು. ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಗುಂಡು ಹಾರಿದೊಡನೆ ಮೇಲಿನ ಉಕ್ಕಿನ ಭಾಗ, ಅಂದರೆ ಸ್ಲೈಡ್, ರಭಸದಿಂದ ಹಿಂದಕ್ಕೆ ಓಡುತ್ತದೆ. ಖಾಲಿ ತೋಟೆಯನ್ನು ಹೊರಗೆಸೆದು, ಸ್ಪ್ರಿಂಗಿನ ಒತ್ತಡಕ್ಕೆ ಮುಂದಕ್ಕೆ ಬಂದು ಹೊಸ ತೋಟೆಯನ್ನು ನಳಿಗೆಗೆ ತಳ್ಳುತ್ತದೆ. ಕೆಂಪು ಚುಕ್ಕಿಯ ಪೆಟ್ಟಿಗೆ ಕೂತಿರುವುದು ಈ ಓಡುವ ಭಾಗದ ಬೆನ್ನಿನ ಮೇಲೆ.

ಒಂದು ಸಣ್ಣ ಲೆಕ್ಕ ಹಾಕೋಣ. ಹೈಸ್ಕೂಲಿನ ಭೌತವಿಜ್ಞಾನ ಸಾಕು. ಒಂಬತ್ತು ಮಿಲಿಮೀಟರಿನ ಗುಂಡಿನ ತೂಕ ಏಳೂವರೆ ಗ್ರಾಂ, ವೇಗ ಸೆಕೆಂಡಿಗೆ 360 ಮೀಟರ್ ಎಂದಿಟ್ಟುಕೊಳ್ಳಿ. ಮುಂದಕ್ಕೆ ಹೋದಷ್ಟೇ ಸಂವೇಗ ಹಿಂದಕ್ಕೂ ಬರಬೇಕು. ಸ್ಲೈಡ್ ಮತ್ತು ನಳಿಗೆ ಸೇರಿ ಸುಮಾರು 450 ಗ್ರಾಂ ಎಂದರೆ ಅವುಗಳ ಹಿಮ್ಮುಖ ವೇಗ ಸೆಕೆಂಡಿಗೆ ಆರು ಮೀಟರ್. ಆರು ಮೀಟರ್ ದೊಡ್ಡದೇನಲ್ಲ, ಓಡುವ ಮನುಷ್ಯನ ವೇಗ. ಆದರೆ ನಿಂತಲ್ಲಿಂದ ಆ ವೇಗಕ್ಕೆ ಏರಲು ಸಿಗುವ ಸಮಯ ಗುಂಡು ನಳಿಗೆಯೊಳಗೆ ಇರುವಷ್ಟು, ಅಂದರೆ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಭಾಗಿಸಿದರೆ ಗುರುತ್ವದ ಸುಮಾರು 1,200 ಪಟ್ಟು ವೇಗೋತ್ಕರ್ಷ. ಅಂಗೈಯಲ್ಲಿ ಇದೆಯೋ ಇಲ್ಲವೋ ಎನ್ನಿಸುವ 34 ಗ್ರಾಮಿನ ಡಬ್ಬಿ ಆ ಕ್ಷಣಕ್ಕೆ 40 ಕಿಲೋ ಬಲದಿಂದ 'ನಾನು ಬರಲಾರೆ' ಎಂದು ಮುಂದಕ್ಕೆ ಜಗ್ಗುತ್ತದೆ. ಮುಕ್ಕಾಲು ಚೀಲಕ್ಕಿಂತ ಹೆಚ್ಚು ಅಕ್ಕಿಯ ತೂಕ! ಅಲ್ಲಿಗೆ ಮುಗಿಯಲಿಲ್ಲ. ಹಿಂದಕ್ಕೆ ಓಡಿದ ಸ್ಲೈಡ್ ಚೌಕಟ್ಟಿಗೆ ಬಡಿದು ನಿಲ್ಲುವಾಗ ವಿರುದ್ಧ ದಿಕ್ಕಿನ ಪೆಟ್ಟು, ಮುಂದೆ ಬಂದು ಮುಚ್ಚಿಕೊಳ್ಳುವಾಗ ಮೂರನೆಯದು. ಒಂದು ಗುಂಡಿಗೆ ಮೂರು ಪೆಟ್ಟು, ಆಚೆಗೊಮ್ಮೆ ಈಚೆಗೊಮ್ಮೆ.

ಈಗ ತಿರುಪಿನ ಕಡೆಯ ಲೆಕ್ಕ. ಇಂಥ ಸಾಧನಗಳನ್ನು ಹಿಡಿಯುವುದು ಸಾಮಾನ್ಯವಾಗಿ ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪದ ಎರಡು ತಿರುಪು. ತಯಾರಕರು ಹೇಳುವ ಬಿಗಿತ 12ರಿಂದ 15 ಇಂಚು-ಪೌಂಡಿನ ಆಸುಪಾಸು. ನಮ್ಮ ಅಳತೆಯಲ್ಲಿ ಒಂದೂವರೆ ನ್ಯೂಟನ್-ಮೀಟರ್ ಎನ್ನಿ. ಹೆಬ್ಬೆರಳು ತೋರುಬೆರಳಲ್ಲಿ ಸಣ್ಣ ಕೀಲಿಯನ್ನು ಹಿಡಿದು ಗಟ್ಟಿಯಾಗಿ ತಿರುವಿದರೆ ಬರುವಷ್ಟು. ಅಷ್ಟು ಬಿಗಿದಾಗ ಒಂದೊಂದು ತಿರುಪೂ ಸುಮಾರು 200 ಕಿಲೋ ಬಲದಿಂದ ಡಬ್ಬಿಯನ್ನು ಸ್ಲೈಡಿಗೆ ಒತ್ತಿಹಿಡಿಯುತ್ತದೆ. ಎರಡು ಸೇರಿ 400. ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ನಡುವಿನ ಘರ್ಷಣೆ ಆ ಒತ್ತುಬಲದ ಸುಮಾರು ಏಳರಲ್ಲೊಂದು ಪಾಲಿನಷ್ಟು ಬಲವನ್ನು ಜಾರದೆ ತಡೆಯಬಲ್ಲುದು: 60 ಕಿಲೋ.

ಜಗ್ಗುವ ಬಲ 40, ತಡೆಯುವ ಬಲ 60. ಗೆದ್ದಂತೆ ಕಾಣುತ್ತದೆ, ಆದರೆ ಅಂತರ ಎಷ್ಟು ಕಡಿಮೆ ನೋಡಿ. ಕೆಳಗೆ ಒಂದು ಹನಿ ಎಣ್ಣೆ ಉಳಿದಿದ್ದರೆ 60 ಎಂಬುದು 40ಕ್ಕೆ ಇಳಿಯುತ್ತದೆ. ತಿರುಪು ಕಾಲು ಸುತ್ತು ಸಡಿಲಾದರೆ ಅದೂ ಇಲ್ಲ. ಒಮ್ಮೆ ಡಬ್ಬಿ ಜಾರಲು ಶುರುಮಾಡಿತೆಂದರೆ ಪೆಟ್ಟು ನೇರವಾಗಿ ತಿರುಪಿನ ಕತ್ತಿಗೆ. ಹಿಡಿದು ಒತ್ತಲೆಂದು ಇರುವ ತಿರುಪನ್ನು ಅಡ್ಡ ಹೊರೆ ಹೊರಲು ಹಚ್ಚಿದರೆ ಅದು ಬಹಳ ದಿನ ಬದುಕುವುದಿಲ್ಲ. ಸಡಿಲಾಗಬೇಕು, ಇಲ್ಲವೇ ಮುರಿಯಬೇಕು.

ತಿರುಪು ಸಡಿಲಾಗುವುದು ಹೇಗೆ ಎಂಬುದೇ ಬಹಳ ಕಾಲ ಎಂಜಿನಿಯರುಗಳಿಗೆ ಸರಿಯಾಗಿ ತಿಳಿದಿರಲಿಲ್ಲ. ಉದ್ದಕ್ಕೆ ಎಳೆದೂ ಬಿಟ್ಟೂ ಮಾಡಿದರೆ ಸಡಿಲಾಗುತ್ತದೆ ಎಂದು ಎಣಿಸಿದ್ದರು. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದ: ಉದ್ದಕ್ಕಿಂತ ಅಡ್ಡಕ್ಕೆ ಅಲುಗಿಸಿದಾಗಲೇ ತಿರುಪು ತಾನಾಗಿ ಬಿಚ್ಚಿಕೊಳ್ಳುವುದು. ಎರಡು ಮೈಗಳು ಅಡ್ಡಡ್ಡ ಜಾರುವಾಗ ಎಳೆಗಳ ನಡುವಿನ ಘರ್ಷಣೆ ಒಂದು ಕ್ಷಣ ಇಲ್ಲವಾಗುತ್ತದೆ. ಬಿಗಿತದೊಳಗೇ ಅಡಗಿರುವ ಒತ್ತಡ ಅದೇ ಕ್ಷಣದಲ್ಲಿ ತಿರುಪನ್ನು ಹಿಂದಕ್ಕೆ ತಿರುಗಿಸುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ದೇವರ ಪ್ರಸಾದದಂತೆ ಪ್ರತಿ ಬೋಲ್ಟಿನ ಕೆಳಗೂ ಇಡುವ ಸ್ಪ್ರಿಂಗ್ ವಾಷರ್ ಯುಂಕರನ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮೆಕ್ಯಾನಿಕರು ಒಪ್ಪಲಿಕ್ಕಿಲ್ಲ.

ಪಿಸ್ತೂಲಿನ ಮೇಲೆ ಆಗುವುದು ಸರಿಯಾಗಿ ಇದೇ ಅಡ್ಡ ಅಲುಗಾಟ. ಆದ್ದರಿಂದ ಬುದ್ಧಿವಂತ ಕೆಲಸಗಾರ ಮೊದಲು ಬಿಗಿಯಲು ಹೋಗುವುದಿಲ್ಲ, ಜಾರದಂತೆ ಮಾಡಲು ನೋಡುತ್ತಾನೆ. ಸ್ಲೈಡಿನ ಬೆನ್ನನ್ನು ಮಿಲ್ಲಿಂಗ್ ಯಂತ್ರದಲ್ಲಿ ಕೊರೆದು, ಡಬ್ಬಿಯ ತಳಕ್ಕೆ ಸರಿಯಾಗಿ ಹೊಂದುವ ಗುಣಿ ಮಾಡುತ್ತಾರೆ. ಗುಣಿಯ ಮುಂದಿನ ಗೋಡೆಯೂ ಹಿಂದಿನ ಗೋಡೆಯೂ ಡಬ್ಬಿಯನ್ನು ಅಪ್ಪಿ ಹಿಡಿಯಬೇಕು. ಆರ್‌ಎಂಆರ್‌ನ ತಳದಲ್ಲಿ ಎರಡು ದುಂಡು ಕುಳಿಗಳಿವೆ. ಗುಣಿಯಲ್ಲಿ ಉಳಿಸಿಕೊಂಡ ಎರಡು ಉಕ್ಕಿನ ಗುಬುಟುಗಳು ಆ ಕುಳಿಯೊಳಗೆ ಹೋಗಿ ಕೂರುತ್ತವೆ. ಹೀಗೆ ಮಾಡಿದಾಗ 40 ಕಿಲೋದ ಜಗ್ಗಾಟ ಗೋಡೆಗೂ ಗುಬುಟಿಗೂ ಹೋಗುತ್ತದೆ. ತಿರುಪಿಗೆ ಉಳಿಯುವುದು ಅದರ ಸ್ವಂತ ಕೆಲಸ, ಡಬ್ಬಿ ಮೇಲೇಳದಂತೆ ಒತ್ತಿಹಿಡಿಯುವುದು. ಗುಣಿ ಬಿಗಿಯಾಗಿದ್ದರೆ ಡಬ್ಬಿಯನ್ನು ಬೆರಳಿನಿಂದ ಒತ್ತಿಯೇ ಕೂರಿಸಬೇಕಾಗುತ್ತದೆ, ತಿರುಪಿಲ್ಲದೆಯೂ ಅದು ಅಲ್ಲಾಡುವುದಿಲ್ಲ. ನನ್ನನ್ನು ಕೇಳಿದರೆ ಪರೀಕ್ಷೆ ಇದೊಂದೇ: ತಿರುಪು ಹಾಕುವ ಮೊದಲೇ ಡಬ್ಬಿ ಕುಲುಕಾಡುತ್ತಿದ್ದರೆ, ತಿರುಪು ಹಾಕಿ ಅದನ್ನು ಸರಿಮಾಡಲು ಸಾಧ್ಯವಿಲ್ಲ.

ತೊಂದರೆ ಏನೆಂದರೆ ಎಲ್ಲ ಕಂಪನಿಗಳ ತಳ ಒಂದೇ ಅಚ್ಚಿನದಲ್ಲ. ಒಂದರ ತಿರುಪಿನ ತೂತು ಇನ್ನೊಂದಕ್ಕೆ ಬಾರದು. ಟ್ರೈಜಿಕಾನಿನದು ಒಂದು, ಲ್ಯೂಪೋಲ್ಡ್ ಡೆಲ್ಟಾಪಾಯಿಂಟಿನದು ಇನ್ನೊಂದು, ಜರ್ಮನಿಯ ಡಾಕ್ಟರ್ ಮಾದರಿಯದು ಮತ್ತೊಂದು. ಒಂದು ಅಚ್ಚಿಗೆಂದು ಸ್ಲೈಡ್ ಕೊರೆಸಿದರೆ ಬೇರೆ ಕಂಪನಿಯ ಡಬ್ಬಿ ಕೂರದು. ಇದಕ್ಕೆ ಗ್ಲಾಕ್ ಕಂಪನಿ 2015ರಲ್ಲಿ ಒಂದು ರಾಜಿ ಸೂತ್ರ ತಂದಿತು: ಸ್ಲೈಡಿನಲ್ಲಿ ಎಲ್ಲಕ್ಕೂ ಸಾಲುವ ದೊಡ್ಡ ಗುಣಿ, ಅದರೊಳಗೆ ಬೇಕಾದ ಅಚ್ಚಿನ ತೆಳು ಲೋಹದ ತಟ್ಟೆ, ತಟ್ಟೆಯ ಮೇಲೆ ಡಬ್ಬಿ. ಬೇರೆ ಹಲವು ಕಂಪನಿಗಳಲ್ಲೂ ಈ ಕ್ರಮವಿದೆ. ಅನುಕೂಲ ದೊಡ್ಡದು, ಸಂಶಯವಿಲ್ಲ. ಆದರೆ ಒಂದು ಕೀಲಿದ್ದಲ್ಲಿ ಎರಡಾಯಿತು. ಸ್ಲೈಡಿಗೂ ತಟ್ಟೆಗೂ ನಡುವೆ ಒಂದು ಸಂದಿ, ತಟ್ಟೆಗೂ ಡಬ್ಬಿಗೂ ನಡುವೆ ಮತ್ತೊಂದು. ಒಂದೊಂದರಲ್ಲೂ ನೂಲೆಳೆಯಷ್ಟು ಸಡಿಲ ಇದ್ದರೂ ಎರಡೂ ಕೂಡಿಕೊಳ್ಳುತ್ತವೆ. ತಟ್ಟೆ ತೆಳುವಾದುದರಿಂದ ಅದರೊಳಗೆ ತಿರುಪಿನ ನಾಲ್ಕೈದು ಎಳೆಗಳಷ್ಟೇ ಕಚ್ಚಿಕೊಳ್ಳುತ್ತವೆ. ಹಾಗಂತ ಉದ್ದದ ತಿರುಪು ಹಾಕಿದರೆ ಬೇರೆ ಪೀಕಲಾಟ: ಗ್ಲಾಕಿನಲ್ಲಿ ಬಲಬದಿಯ ತಿರುಪು ಉದ್ದವಾದರೆ ಅದರ ತುದಿ ಖಾಲಿ ತೋಟೆ ಎಳೆಯುವ ಕೊಕ್ಕೆಯ ಸ್ಪ್ರಿಂಗಿನ ದಾರಿಗೆ ತಾಗಿ, ಪಿಸ್ತೂಲೇ ಸಿಕ್ಕಿಕೊಳ್ಳುತ್ತದೆ. ಗುರಿಸಾಧನ ಗಟ್ಟಿಯಾಯಿತು, ಆಯುಧ ಕೆಟ್ಟಿತು. ಹಳೆಯ ಹಿಂದಿನ ಕಚ್ಚನ್ನು ಕಿತ್ತು ಅದೇ ಸೀಳಿನಲ್ಲಿ ಡಬ್ಬಿ ಹೊತ್ತ ತಟ್ಟೆಯನ್ನು ತೂರಿಸುವ ಅಗ್ಗದ ದಾರಿಯೂ ಉಂಟು. ಅದನ್ನು ಹೊಗಳುವವರನ್ನು ನಾನು ಕಂಡಿಲ್ಲ.

ಏಮ್‌ಪಾಯಿಂಟಿನವರು 2019ರಲ್ಲಿ ತಂದ ಆಕ್ರೊ ಎಂಬ ಮಾದರಿಯ ಹಿಡಿತ ನನಗೆ ಹೆಚ್ಚು ಮೆಚ್ಚುಗೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ತಿರುಪುಗಳಿಲ್ಲ. ಕೆಳಗೆ ಅಡ್ಡ ಕಂಬಿಯಿರುವ ಸಣ್ಣ ಹಳಿ, ಮೇಲೆ ಅದಕ್ಕೆ ತಕ್ಕ ಗಾಡಿ. ಪಕ್ಕದಿಂದ ಒಂದು ಇಕ್ಕಳ ಬಂದು ಅಪ್ಪಿ ಹಿಡಿಯುತ್ತದೆ. ಹಿಂದು ಮುಂದಿನ ಪೆಟ್ಟೆಲ್ಲ ಅಡ್ಡ ಕಂಬಿಗೆ. ಡಬ್ಬಿಯೂ ನಾಲ್ಕೂ ಕಡೆ ಮುಚ್ಚಿದ್ದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಕಾಣುವ ನಮ್ಮ ತಾಲೂಕಿನವರಿಗೆ ಅದರ ಮಹತ್ವ ಬಿಡಿಸಿ ಹೇಳಬೇಕಿಲ್ಲ: ತೆರೆದ ಮಾದರಿಗಳಲ್ಲಿ ಎಲ್‌ಇಡಿಯ ಮೇಲೆ ಒಂದೇ ಒಂದು ಹನಿ ಕೂತರೂ ಚುಕ್ಕಿ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ. ತೂಕ ಮಾತ್ರ 60 ಗ್ರಾಮಿನ ಹತ್ತಿರ, ಅಂದರೆ ಜಗ್ಗುವ ಬಲವೂ ಹೆಚ್ಚುಕಡಿಮೆ ಇಮ್ಮಡಿ.

ಇನ್ನು ತಿರುಪು ಬಿಚ್ಚಿಕೊಳ್ಳದಂತೆ ಎಳೆಗೆ ಹಚ್ಚುವ ನೀಲಿ ದ್ರವದ ಮಾತು. ಮಳೆಗಾಲ ಕಳೆದ ಮೇಲೆ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದವರಿಗೆ ಗೊತ್ತು, ಗಂಟೆ ಎರಡು ಗಂಟೆಯಲ್ಲಿ ಹಿಡಿಕೆಯ ಬೋಲ್ಟು ಗಡಗಡ ಎನ್ನತೊಡಗುತ್ತದೆ; ರಿಪೇರಿಯವನ ಹತ್ತಿರ ಒಯ್ದರೆ ಬೋಲ್ಟು ಬಿಚ್ಚಿ, ಒರೆಸಿ, ಎಳೆಗೆ ಒಂದು ಹನಿ ನೀಲಿ ಹಚ್ಚಿ ಮತ್ತೆ ಬಿಗಿದು ಕೊಡುತ್ತಾನೆ. ಪಿಸ್ತೂಲಿನ ತಿರುಪಿಗೂ ಹಚ್ಚುವುದು ಅದೇ ದ್ರವ. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವರ್ನನ್ ಕ್ರೀಬಲ್ 1953ರಲ್ಲಿ ಇದನ್ನು ಸಿದ್ಧಪಡಿಸಿದರು. ಲೋಕ್ಟೈಟ್ ಎಂಬ ಹೆಸರಿನಲ್ಲಿ ಅದು ಪೇಟೆಗೆ ಬಂತು. ಉಳಿದ ಅಂಟುಗಳು ಗಾಳಿ ತಾಗಿದರೆ ಒಣಗುತ್ತವೆ, ಇದು ಗಾಳಿ ಸಿಗದಿದ್ದರೆ ಮಾತ್ರ ಗಟ್ಟಿಯಾಗುತ್ತದೆ. ಎಳೆಗಳ ಸಂದಿಯಲ್ಲಿ ಗಾಳಿಯಿಲ್ಲ, ಸುತ್ತ ಲೋಹವಿದೆ. ದ್ರವ ಅಲ್ಲಿ ಪ್ಲಾಸ್ಟಿಕ್ಕಿನಂತೆ ಬಿಗಿದು ಸಂದಿ ತುಂಬುತ್ತದೆ. ಅಂಗಡಿಯಲ್ಲಿ ಬಾಟಲಿ ಕೊಂಡಾಗ 'ಅರ್ಧವೇ ತುಂಬಿಸಿದ್ದಾರಲ್ಲ, ಮೋಸ' ಎಂದು ಬೈಯಬೇಡಿ. ಉಳಿದರ್ಧದಲ್ಲಿರುವ ಗಾಳಿಯೇ ಅದನ್ನು ದ್ರವವಾಗಿ ಉಳಿಸಿರುವುದು.

ಹಚ್ಚುವ ಕ್ರಮ ಕೆಟ್ಟರೆ ಈ ದ್ರವದಿಂದ ಏನೂ ಪ್ರಯೋಜನವಿಲ್ಲ. ತೂತು, ಎಳೆ, ಗುಣಿಯ ತಳ ಮೂರನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದಲೋ ಅಸಿಟೋನಿನಿಂದಲೋ ತೊಳೆದು ಎಣ್ಣೆಯ ಅಂಶ ಪೂರ್ತಿ ತೆಗೆಯಬೇಕು. ಹೊಸ ಪಿಸ್ತೂಲು ಎಣ್ಣೆಯಲ್ಲಿ ಮಿಂದೇ ಕಾರ್ಖಾನೆ ಬಿಡುವುದು, ತೂತಿನ ತಳದಲ್ಲಿ ಅದು ನಿಂತಿರುತ್ತದೆ. ಬಳಿಕ ಒಂದೇ ಹನಿ; ಹೆಚ್ಚಾದರೆ ಹೊರಕ್ಕೆ ಉಕ್ಕಿ ಗಾಜಿಗೋ ಪ್ಲಾಸ್ಟಿಕ್ಕಿಗೋ ತಾಗುತ್ತದೆ, ಕೆಲವು ಪ್ಲಾಸ್ಟಿಕ್ ಇದಕ್ಕೆ ಬಿರುಕು ಬಿಡುತ್ತದೆ. ತಿರುಪುಗಳನ್ನು ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು; ಅದಕ್ಕಿಷ್ಟು ಇದಕ್ಕಿಷ್ಟು ಎಂದು ಸರದಿಯಲ್ಲಿ, ಟಾರ್ಕ್ ತೋರಿಸುವ ಸ್ಕ್ರೂಡ್ರೈವರಿನಿಂದ. ಆಮೇಲೆ ಒಂದು ದಿನ ಮುಟ್ಟದೆ ಇಡಬೇಕು. ನಮ್ಮವರಿಗೆ ಕಷ್ಟವಾಗುವುದು ಈ ಕೊನೆಯ ಮಾತೇ. ಕೆಂಪು ಬಣ್ಣದ ಇನ್ನೊಂದು ದ್ರವ ಸಿಗುತ್ತದೆ, ನೀಲಿಗಿಂತ ಗಟ್ಟಿ. ಅದನ್ನು ಬಿಚ್ಚಲು ಜೋರಾಗಿ ಕಾಯಿಸಬೇಕು. ಪಕ್ಕದಲ್ಲೇ ಎಲ್‌ಇಡಿ, ಗಾಜು, ರಬ್ಬರ್ ಇರುವಾಗ ಕಾಯಿಸುವುದು ಹೇಗೆ? ಹೆಚ್ಚು ಗಟ್ಟಿ ಎಂಬ ಒಂದೇ ಆಸೆಗೆ ಕೆಂಪನ್ನು ಹಚ್ಚಿದವರು ಡಬ್ಬಿಯ ಜೊತೆ ಸ್ಲೈಡನ್ನೂ ಕೆಡಿಸಿಕೊಳ್ಳುತ್ತಾರೆ.

ಬಿ.ಸಿ.ರೋಡಿನ ಲೇತ್ ಅಂಗಡಿಯಲ್ಲಿ ಈ ಗುಣಿ ಕೊರೆಯುವ ಕೈಚಳಕ ಖಂಡಿತ ಇದೆ. ಪಂಪಿನ ಶಾಫ್ಟಿನಲ್ಲಿ ಇದಕ್ಕಿಂತ ಸೂಕ್ಷ್ಮ ಅಳತೆ ಹಿಡಿಯುವವರು ಅವರು. ಆದರೆ ಕೊರೆಯುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ತಯಾರಿಕೆ, ಮಾರಾಟವನ್ನು ಮಾತ್ರವಲ್ಲ, ಮಾರ್ಪಾಡು, ರಿಪೇರಿಯನ್ನೂ ಲೈಸೆನ್ಸಿನ ಕೆಳಗೆ ತಂದಿದೆ. ಮತ್ತೆ, ಖಾಸಗಿಯವರ ಕೈಗೆ ಸಿಗುವ ಪಿಸ್ತೂಲಾದರೂ ಯಾವುದು? ಒಂಬತ್ತು ಮಿಲಿಮೀಟರ್ ನಿಷೇಧಿತ ಬೋರ್. ಆತ್ಮರಕ್ಷಣೆಗೆ ಲೈಸೆನ್ಸ್ ಪಡೆದವರಿಗೆ ಬರುವುದು ಸಾಮಾನ್ಯವಾಗಿ .32 ಬೋರಿನದು.

ಕ್ರೀಡೆಯಲ್ಲಿ? ಒಲಿಂಪಿಕ್ಸ್ ಮಾದರಿಯ ಪಿಸ್ತೂಲು ಸ್ಪರ್ಧೆಗಳಲ್ಲಿ ಕೆಂಪು ಚುಕ್ಕಿಗೆ ಪ್ರವೇಶವೇ ಇಲ್ಲ. ಅಂತಾರಾಷ್ಟ್ರೀಯ ಶೂಟಿಂಗ್ ಸಂಸ್ಥೆಯ ನಿಯಮ ತೆರೆದ ಕಚ್ಚು-ಮೊನೆಯನ್ನಷ್ಟೇ ಒಪ್ಪುತ್ತದೆ. 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಗೆದ್ದು, 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದ ಬೆಂಗಳೂರಿನ ಪ್ರಕಾಶ್ ನಂಜಪ್ಪ, 2023ರ ಬಾಕು ವಿಶ್ವಕಪ್ಪಿನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ತಂದ ದಿವ್ಯಾ ಟಿ.ಎಸ್. ಇವರೆಲ್ಲ ಗೆದ್ದದ್ದು ಬರಿಗಣ್ಣು ಮತ್ತು ಲೋಹದ ಮೊನೆಯಲ್ಲಿ. ಚುಕ್ಕಿಗೆ ಅವಕಾಶವಿರುವುದು ಓಡುತ್ತಾ ಹಾರುತ್ತಾ ಗುರಿ ಹೊಡೆಯುವ ಐಪಿಎಸ್‌ಸಿ ಮಾದರಿಯ ಸ್ಪರ್ಧೆಗಳ ಕೆಲವು ವಿಭಾಗಗಳಲ್ಲಿ. ಅಲ್ಲಿನ ಓಪನ್ ವಿಭಾಗದವರು ಸ್ಲೈಡಿನ ಗೊಡವೆಯೇ ಬೇಡವೆಂದು ಪಿಸ್ತೂಲಿನ ಚೌಕಟ್ಟಿಗೇ ಸೇತುವೆಯಂಥ ತಟ್ಟೆ ಬಿಗಿದು ಅದರ ಮೇಲೆ ಡಬ್ಬಿ ಕೂರಿಸುತ್ತಾರೆ. ಸ್ಲೈಡ್ ಕೆಳಗೆ ಓಡಾಡಿಕೊಂಡಿರುತ್ತದೆ, ಚುಕ್ಕಿ ಅದರ ಪೆಟ್ಟು ತಿನ್ನದೆ ಮೇಲೆ ಉಳಿಯುತ್ತದೆ. ಸೊಂಟದ ಚೀಲದಲ್ಲಿ ಹೊತ್ತು ತಿರುಗಲು ಮಾತ್ರ ಅದು ಆಗದು.

ಹಾಗಾದರೆ ಭಾರತದಲ್ಲಿ ಕೆಂಪು ಚುಕ್ಕಿ ಮುಖ್ಯವಾಗಿ ಸೈನಿಕರ, ಪೊಲೀಸ್ ಕಮಾಂಡೋಗಳ ಸಾಧನ. ಇಲ್ಲಿ ನಮ್ಮದೇ ಒಂದು ಉದಾಹರಣೆ 'ಅಸ್ಮಿ' ಮಷೀನ್ ಪಿಸ್ತೂಲು. ಮಹೂ ಪದಾತಿ ಶಾಲೆಯ ಲೆಫ್ಟಿನೆಂಟ್ ಕರ್ನಲ್ ಪ್ರಸಾದ್ ಬನ್ಸೋಡ್ ಮತ್ತು ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ಸೇರಿ ನಾಲ್ಕೇ ತಿಂಗಳಲ್ಲಿ ಸಿದ್ಧಪಡಿಸಿದ ಇದನ್ನು 2021ರ ಜನವರಿಯಲ್ಲಿ ಜನರ ಮುಂದಿಟ್ಟರು. 2024ರಲ್ಲಿ ಸೇನೆಯ ಉತ್ತರ ಕಮಾಂಡ್ ಹೈದರಾಬಾದಿನ ಲೋಕೇಶ್ ಮೆಷಿನ್ಸ್ ಕಂಪನಿಯಿಂದ 550 ಅಸ್ಮಿಗಳನ್ನು ತರಿಸಿಕೊಂಡಿತು. ಅದರ ಮೇಲಿನ ಕವಚ ವಿಮಾನಕ್ಕೆ ಬಳಸುವ ದರ್ಜೆಯ ಅಲ್ಯೂಮಿನಿಯಮ್. ಗುಂಡು ಹಾರಿದಾಗ ಓಡಾಡುವ ಭಾಗ ಕವಚದ ಒಳಗಿದೆ, ಕವಚ ಅಲುಗದು. ಅದರ ಬೆನ್ನುದ್ದಕ್ಕೂ ಹಲ್ಲುಹಲ್ಲಾದ ಹಳಿ. ಅಮೆರಿಕದ ಪಿಕಟಿನ್ನಿ ಶಸ್ತ್ರಾಗಾರದವರು 1995ರಲ್ಲಿ ಇದರ ಅಳತೆಯನ್ನು ಪ್ರಮಾಣೀಕರಿಸಿದರು: ಸೀಳಿನ ಅಗಲ 5.23 ಮಿಲಿಮೀಟರ್, ಒಂದು ಸೀಳಿನ ನಡುವಿನಿಂದ ಇನ್ನೊಂದರ ನಡುವಿಗೆ 10.01. ಚುಕ್ಕಿಯ ಡಬ್ಬಿಯ ಅಡಿಯಲ್ಲಿ ಒಂದು ಅಡ್ಡ ಹಲ್ಲಿರುತ್ತದೆ. ಅದನ್ನು ಸೀಳಿಗೆ ಇಳಿಸಿ, ಬಿಗಿಯುವ ಮುನ್ನ ಡಬ್ಬಿಯನ್ನು ಬೆರಳಿನಿಂದ ಮುಂದಕ್ಕೆ ಒತ್ತಿ ಹಿಡಿಯಬೇಕು. ಗುಂಡು ಹಾರಿದಾಗ ಡಬ್ಬಿ ಜಾರಲು ಹೋಗುವುದು ಮುಂದಕ್ಕೇ. ಮೊದಲೇ ಗೋಡೆಗೆ ಒರಗಿದ್ದರೆ ಜಾರಲು ಜಾಗವಿರುವುದಿಲ್ಲ. ಬೆಂಗಳೂರಿನಲ್ಲಿ ಇಂಥ ಹಳಿಗಳನ್ನು, ಹಳೆಯ ಎಕೆ ರೈಫಲಿಗೆ ಹೊಸ ಕವಚಗಳನ್ನು ಮಾಡುವ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿಯ ಮೂಲ ಮನೆತನ ಸ್ಪ್ರಿಂಗ್ ತಯಾರಿಕೆಯದು. ಕಂಪನದ ಜೊತೆ ಬದುಕುವುದನ್ನು ಬಲ್ಲವರೇ ಈ ಕೆಲಸಕ್ಕೆ ಇಳಿದದ್ದು ಸರಿಯಾಗಿದೆ ಅನ್ನಿಸುತ್ತದೆ.

ಇಷ್ಟೆಲ್ಲ ಬಿಗಿತದ ಹಟ ಯಾಕೆ? ಮತ್ತೆ ಲೆಕ್ಕವೇ ಉತ್ತರ. 45 ಮಿಲಿಮೀಟರ್ ಉದ್ದದ ಡಬ್ಬಿಯ ಒಂದು ತುದಿ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು ಮೇಲೆದ್ದಿತು ಎನ್ನಿ. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕಣ್ಣಿಗೆ ಕಾಣದು, ಉಗುರಿಗೆ ತಾಗದು. ಆದರೆ 25 ಮೀಟರ್ ದೂರದಲ್ಲಿ ಗುಂಡು 28 ಮಿಲಿಮೀಟರ್ ಆಚೆ ಹೋಗಿರುತ್ತದೆ. ಆ ದೂರದ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 50 ಮಿಲಿಮೀಟರ್. ನಡುಮಧ್ಯಕ್ಕೆ ಹೋಗಬೇಕಾದ ಗುಂಡು ಹತ್ತರ ಅಂಚಿಗೆ ಸರಿಯಿತು. ಸಡಿಲ ಡಬ್ಬಿಯ ಇನ್ನೊಂದು ಕೆಡುಕು ಇದಕ್ಕಿಂತ ದೊಡ್ಡದು: ಅದು ಪ್ರತಿ ಸಲ ಒಂದೇ ಕಡೆಗೆ ತಪ್ಪುವುದಿಲ್ಲ. ಒಮ್ಮೆ ಮೇಲೆ, ಒಮ್ಮೆ ಎಡಕ್ಕೆ. ಹೊಡೆಯುವವನು ತನ್ನ ಕೈ ನಡುಗಿತೆಂದು ಭಾವಿಸಿ ಅಭ್ಯಾಸ ಹೆಚ್ಚಿಸುತ್ತಾನೆ. ಚುಕ್ಕಿಯನ್ನು ಸರಿಸುವ ತಿರುಪನ್ನು ಒಂದೆರಡು ಕ್ಲಿಕ್ ತಿರುಗಿಸುತ್ತಾನೆ, ಮರುದಿನ ಹಿಂದಕ್ಕೆ ತಿರುಗಿಸುತ್ತಾನೆ. ಕೆಂಪು ಚುಕ್ಕಿ ಮಾತ್ರ ಗಾಜಿನಲ್ಲಿ ಅಷ್ಟೇ ನಿಚ್ಚಳವಾಗಿ, ಅಷ್ಟೇ ಖಚಿತವಾಗಿ ಹೊಳೆಯುತ್ತಿರುತ್ತದೆ. ಕೆಟ್ಟ ಕಚ್ಚು-ಮೊನೆ ಕೆಟ್ಟಿದೆ ಎಂದು ನೋಟದಲ್ಲೇ ಗೊತ್ತಾಗುತ್ತದೆ, ಅಲುಗಿದ ಚುಕ್ಕಿ ಹಾಗೆ ತಿಳಿಸುವುದಿಲ್ಲ.

ಅದನ್ನು ಹಿಡಿಯಲು ಇರುವ ಉಪಾಯ ಅತಿ ಅಗ್ಗದ್ದು. ತಿರುಪು ಬಿಗಿದ ಮೇಲೆ ಅದರ ತಲೆಯಿಂದ ಡಬ್ಬಿಯ ಮೈಗೆ ಅಡ್ಡಲಾಗಿ ಬಿಳಿ ಅಥವಾ ಹಳದಿ ಪೇಂಟ್ ಪೆನ್ನಿನಿಂದ ಒಂದು ಗೆರೆ. ತಿರುಪು ತಿರುಗಿದರೆ ಗೆರೆ ಮುರಿಯುತ್ತದೆ. ವಿಮಾನ ನಿಲ್ದಾಣಗಳ ಮೆಕ್ಯಾನಿಕರು, ಲಾರಿಯ ಚಕ್ರದ ನಟ್ಟುಗಳಿಗೆ ಬಣ್ಣ ಹಚ್ಚುವವರು ಮಾಡುವುದೂ ಇದನ್ನೇ. ಪಿಸ್ತೂಲು ಖಾಲಿಯಿದೆ ಎಂದು ಎರಡು ಸಲ ಖಚಿತಪಡಿಸಿಕೊಂಡು, ಹೊರಡುವ ಮುನ್ನ ಗೆರೆಯನ್ನೊಮ್ಮೆ ನೋಡಿದರೆ ಆಯಿತು. ಚುಕ್ಕಿ ಕೈಕೊಟ್ಟರೂ ಗುರಿ ತಪ್ಪಬಾರದೆಂದು ಹಳೆಯ ಕಚ್ಚು-ಮೊನೆಯನ್ನೂ ಎತ್ತರಿಸಿ ಗಾಜಿನೊಳಗಿಂದ ಕಾಣುವಂತೆ ಉಳಿಸಿಕೊಳ್ಳುವವರಿದ್ದಾರೆ. ಪೊಲೀಸ್ ಕೆಲಸದ ಪಿಸ್ತೂಲಿಗೆ ಅದು ಬೇಕೇಬೇಕು ಎಂಬುದು ನನ್ನ ಅಭಿಪ್ರಾಯ.

ಬ್ಯಾಟರಿಯದೊಂದು ಬಾಕಿ. ಹಳೆಯ ಆರ್‌ಎಂಆರ್‌ನಲ್ಲಿ ನಾಣ್ಯದಂಥ ಸೆಲ್ಲು ಕೂತಿರುವುದು ಡಬ್ಬಿಯ ತಳದಲ್ಲಿ. ಸೆಲ್ಲು ಬದಲಿಸಬೇಕೆಂದರೆ ಬಿಗಿದ ತಿರುಪು, ಒಣಗಿದ ನೀಲಿ, ಎಳೆದ ಗೆರೆ ಎಲ್ಲವನ್ನೂ ಬಿಚ್ಚಬೇಕು. ಹೊಸ ಮಾದರಿಗಳಲ್ಲಿ ಸೆಲ್ಲನ್ನು ಮೇಲಿನಿಂದಲೋ ಪಕ್ಕದಿಂದಲೋ ಹಾಕುವಂತೆ ಮಾಡಿದ್ದಾರೆ. ಹಳೆಯದನ್ನು ಇಟ್ಟುಕೊಂಡವರು ಸೆಲ್ಲು ಪೂರ್ತಿ ಮುಗಿಯುವ ತನಕ ಕಾಯದೆ ವರ್ಷಕ್ಕೊಮ್ಮೆ ಗೊತ್ತಾದ ದಿನದಂದು ಬದಲಿಸುತ್ತಾರೆ. ಹಳೆಯ ಅಂಟನ್ನು ಎಳೆಗಳಿಂದ ಕೆರೆದು ತೆಗೆದು, ಹೊಸ ತಿರುಪು, ಹೊಸ ಹನಿ, ಹೊಸ ಗೆರೆ. ಅದಾದ ಮೇಲೆ ಕಾಗದದ ಗುರಿಯ ಮೇಲೆ ಹತ್ತಿಪ್ಪತ್ತು ಗುಂಡು ಹಾರಿಸಿ ನೋಡದೆ ಆ ಪಿಸ್ತೂಲನ್ನು ಕೆಲಸಕ್ಕೆ ಒಯ್ಯುವಂತಿಲ್ಲ.